ಪೈಪಿನೊಳಗಿನ ಲೋಳೆಯನ್ನು ಶಾಶ್ವತವಾಗಿ ಹೋಗಿಸುವುದು ಹೇಗೆ?

ಎರಡು ಸಲ ಕ್ಲೋರಿನ್ ಹಾಕಿ ತೊಳೆದರೂ ಲೋಳೆ ವಾಪಸ್ ಬಂತು, ಇನ್ನೂ ಸ್ಟ್ರಾಂಗ್ ಆಗಿರೋದು ಯಾವುದಿದೆ ಅಂತ ಕೇಳಿದ್ದೀರಿ. ನಾನು ನಾಲ್ಕು ಸಲ ಹಾಕಿದ್ದೆ.

ನನಗೆ ಕ್ಲೋರಿನ್ ವಾಸನೆ ಸಹಿಸಲು ಆಗುತ್ತಿರಲಿಲ್ಲ. ಅದಕ್ಕೇ ನೀರು ಮನೆಯೊಳಗೆ ಬರುವ ಜಾಗದಲ್ಲೇ, ಮೀಟರ್ ಪಕ್ಕ, ದೊಡ್ಡದೊಂದು ಕಾರ್ಬನ್ ಫಿಲ್ಟರ್ ಕೂರಿಸಿದೆ. ವಾಸನೆ ಹೋಯಿತು, ರುಚಿಯೂ ಬಂತು, ಬಂದವರಿಗೆಲ್ಲ ಕುಡಿಸಿದ್ದೇ ಕುಡಿಸಿದ್ದು. ಮೂರು ತಿಂಗಳಾದ ಮೇಲೆ ನಲ್ಲಿ ತುದಿಯ ಜಾಲರಿ ಬಿಚ್ಚಿದರೆ ಬೆರಳು ಜಾರುವಷ್ಟು ಲೋಳೆ!

ತಪ್ಪು ಫಿಲ್ಟರಿನದಲ್ಲ, ನಾನು ಅದನ್ನಿಟ್ಟ ಜಾಗದ್ದು. ಕಾರ್ಬನ್ ತೆಗೆಯುವುದು ಬರೀ ವಾಸನೆಯನ್ನಲ್ಲ, ಕ್ಲೋರಿನ್ನನ್ನೇ. ಪೈಪಿನ ಕೊನೆವರೆಗೂ ಬರಲಿ ಅಂತಲೇ ನೀರಿನಲ್ಲಿ ಅದನ್ನು ಸ್ವಲ್ಪ ಉಳಿಸಿ ಕಳಿಸುತ್ತಾರೆ. ಮನೆಗೆ ತಲುಪುವಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಅದನ್ನು ಹೊಸ್ತಿಲಲ್ಲೇ ತಡೆದು, ಅಲ್ಲಿಂದ ಒಳಗಿನ ಅಷ್ಟೂ ಪೈಪನ್ನು ಬ್ಯಾಕ್ಟೀರಿಯಾಗಳಿಗೆ ಬಿಟ್ಟುಕೊಟ್ಟಿದ್ದೆ. ಸಾಲದ್ದಕ್ಕೆ ಕಾರ್ಬನ್ನಿನ ಸಣ್ಣ ಸಣ್ಣ ತೂತುಗಳಲ್ಲೂ ಅವು ಮನೆ ಮಾಡುತ್ತವೆ, ಅಲ್ಲಿ ಸಿಕ್ಕಿಬಿದ್ದ ಕಸವೇ ಊಟ.

ಆಮೇಲೆ ಕ್ಲೋರಿನ್ ಸುರಿದಿದ್ದು ಸುಮ್ನೆ ದಂಡ. ಪೈಪಿನ ಗೋಡೆಗೆ ಅಂಟಿದ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ತಾವೇ ಅಂಟು ಸುರಿಸಿಕೊಂಡಿರುತ್ತವೆ, ಕೈಗೆ ಸಿಗುವ ಲೋಳೆ ಅದೇ. ಕ್ಲೋರಿನ್ ಮೇಲಿನ ಪದರದಲ್ಲೇ ಖರ್ಚಾಗಿ ಹೋಗುತ್ತದೆ, ಅಡಿಯಲ್ಲಿದ್ದವು ಮತ್ತೆ ಬೆಳೆಯುತ್ತವೆ.

'ಶಾಶ್ವತವಾಗಿ' ಅನ್ನೋದನ್ನು ಮೊದಲು ಬಿಡಿ. ಈ ಲೋಳೆ ಪದರ ಒಂಚೂರೂ ಇಲ್ಲದ ನೀರಿನ ಪೈಪು ಎಲ್ಲೂ ಇಲ್ಲ. ಅದರಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಜಾಸ್ತಿ ಪಾಲು ಏನೂ ಮಾಡದವು. ನನಗೆ ಹೆದರಿಕೆಯಿರುವುದು ನ್ಯುಮೋನಿಯಾ ತರುವ ಲೀಜನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಥರದವುಗಳ ಬಗ್ಗೆ. ಅದು 25ರಿಂದ 45 ಡಿಗ್ರಿಯ ಉಗುರುಬೆಚ್ಚಗಿನ, ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ, ಶವರಿನ ತುಂತುರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯಲ್ಲಿ ವಯಸ್ಸಾದವರೋ ರೋಗನಿರೋಧಕ ಶಕ್ತಿ ಕಮ್ಮಿ ಇರುವವರೋ ಇದ್ದರೆ ನನ್ನ ಮಾತು ನಂಬಿ ಕೂರಬೇಡಿ, ನೀರು ಪರೀಕ್ಷೆ ಮಾಡಿಸಿ.

ನಾನು ಮಾಡಿದ್ದಿಷ್ಟು. ಆ ಫಿಲ್ಟರ್ ಕಿತ್ತು, ಕುಡಿಯುವ ನೀರಿನ ನಲ್ಲಿಗೆ ಮಾತ್ರ ಚಿಕ್ಕದೊಂದು ಹಾಕಿದೆ, ಕಾರ್ಟ್ರಿಡ್ಜ್ ಅವಧಿ ಮೀರಲು ಬಿಡುವುದಿಲ್ಲ. ಹಳೇ ಸಿಂಕಿನದು ಅಂತ ಬಾಯಿ ಮುಚ್ಚಿಟ್ಟಿದ್ದ ಪೈಪಿನ ತುಂಡೊಂದಿತ್ತು, ನೀರು ಅಲ್ಲಾಡದೆ ವರ್ಷಗಟ್ಟಲೆ ಅದರೊಳಗೇ ನಿಂತಿತ್ತು, ಅದನ್ನು ಬುಡದಿಂದಲೇ ಕತ್ತರಿಸಿ ಹಾಕಿಸಿದೆ. ರಬ್ಬರ್ ಹೋಸ್‌ಗಳನ್ನು ಬದಲಿಸಿ, ಕೊನೆಗೊಮ್ಮೆ ಕ್ಲೋರಿನ್ ಹಾಕಿ ತೊಳೆದೆ. ಊರಿಗೆ ಹೋಗಿ ಬಂದರೆ ಎಲ್ಲ ನಲ್ಲಿ ಸ್ವಲ್ಪ ಹೊತ್ತು ಬಿಡುತ್ತೇನೆ.

ಅಂದಹಾಗೆ, ನಿಮ್ಮ ಫಿಲ್ಟರ್ ಎಲ್ಲಿದೆ? ಅದೊಂದನ್ನೇ ಬರೆದಿಲ್ಲ ನೀವು.