ಗಾಳಿ ಜೋರಾಗಿರುವ ಕೊಲ್ಲಿಯ ದಂಡೆಯಲ್ಲಿ ಜಿಯೋಕ್ಯಾಶ್ ಇಡಲು ಯಾವ ಡಬ್ಬಿ ಒಳ್ಳೇದು?

ಜಿಯೋಕ್ಯಾಶ್ ಅಂದರೆ ಬೇರೆಯವರು ಜಿಪಿಎಸ್ ಹಿಡಿದು ಹುಡುಕಲಿ ಅಂತ ಆಟಕ್ಕೆ ಬಚ್ಚಿಡುವ ಡಬ್ಬಿ. ಅದಕ್ಕೆ ಗಾಳಿಗೂ ಉಪ್ಪುನೀರಿಗೂ ಬಗ್ಗದ ಡಬ್ಬಿ ಬೇಕು ಅಂತಿದ್ದೀರಿ. ನಾನೂ ಡಬ್ಬಿಯ ಚಿಂತೆಯಿಂದಲೇ ಶುರು ಮಾಡಿದ್ದೆ. ನಾಲ್ಕೂ ಕಡೆ ಕ್ಲಿಪ್ ಇರುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಜಿಪ್ ಕವರಿನಲ್ಲಿ ಹುಡುಕಿದವರು ಹೆಸರು ಬರೆಯುವ ಲಾಗ್ ಪುಸ್ತಕ, ಜೊತೆಗೊಂದು ಪೆನ್ಸಿಲ್. ಡಬ್ಬಿಗೆ ಏನೂ ಆಗಲಿಲ್ಲ. ನಾನು ಎಡವಿದ್ದು ಜಾಗದಲ್ಲಿ.

ಕೊಲ್ಲಿಯೊಳಕ್ಕೆ ಚಾಚಿಕೊಂಡ ಮರಳಿನ ದಿಬ್ಬ. ಅದರ ತುದಿಯಲ್ಲಿ ಅಲೆ ತಂದು ಹಾಕಿದ ಒಂದು ದೊಡ್ಡ ಮರದ ದಿಮ್ಮಿ. ಅದರ ಬುಡದಲ್ಲಿ ಡಬ್ಬಿ ಇಟ್ಟೆ. ಹಕ್ಕಿಗಳಿಗೆ ತೊಂದರೆ ಆಗಬಾರದು ಅಂತ ಮೊದಲೇ ಹೋಗಿ ನೋಡಿದ್ದೆ, ಒಂದೂ ಇರಲಿಲ್ಲ. ಆದರೆ ನಾನು ಹೋಗಿದ್ದೆಲ್ಲ ಇಳಿತದ ಹೊತ್ತಿನಲ್ಲಿ.

ಇದನ್ನು ಬಿಡಿಸಿಯೇ ಹೇಳಬೇಕು. ಇಳಿತದಲ್ಲಿ ನೀರು ಸರಿದು ಕೆಸರು ತೆರೆದುಕೊಳ್ಳುತ್ತದೆ. ಸ್ಯಾಂಡ್‌ಪೈಪರ್, ಪ್ಲೋವರ್, ಗಾಡ್ವಿಟ್‌ನಂಥ ದಂಡೆಯ ಹಕ್ಕಿಗಳೆಲ್ಲ ದೂರದ ಆ ಕೆಸರಿನಲ್ಲಿ ಹುಳ ಹೆಕ್ಕುತ್ತಿರುತ್ತವೆ. ದಂಡೆ ಖಾಲಿ ಕಾಣುತ್ತದೆ. ಆರು ಗಂಟೆ ಚಿಲ್ಲರೆ ಕಳೆದರೆ ಉಬ್ಬರ. ಕೆಸರು ಪೂರ್ತಿ ಮುಳುಗಿ, ಅಷ್ಟೂ ಹಕ್ಕಿಗಳಿಗೆ ಉಳಿಯುವುದು ಆ ಒಂದು ತುಂಡು ಒಣ ಮರಳು. ನೀರು ಇಳಿಯುವ ತನಕ ಅವುಗಳ ನಿದ್ದೆ, ವಿಶ್ರಾಂತಿ ಎಲ್ಲ ಅಲ್ಲೇ. ಇದರ ಮೇಲೆ ಗಾಳಿ ಬೇರೆ. ಉಬ್ಬರದ ಪಟ್ಟಿಯಲ್ಲಿರುವುದು ಸೂರ್ಯ ಚಂದ್ರರ ಲೆಕ್ಕ, ಅವತ್ತಿನ ಗಾಳಿಯದ್ದಲ್ಲ. ಕಡಲ ಕಡೆಯಿಂದ ಜೋರಾಗಿ ಬೀಸಿದರೆ ನೀರು ಕೊಲ್ಲಿಯೊಳಗೆ ಒತ್ತಿಕೊಂಡು ಬಂದು ಪಟ್ಟಿಯಲ್ಲಿರುವುದಕ್ಕಿಂತ ಮೇಲೇರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಾದರೆ ಇನ್ನೂ ಜಾಸ್ತಿ. ಆಗ ಉಳಿಯುವ ಮರಳು ಎಷ್ಟು ಅಂತ ನೀವೇ ಯೋಚಿಸಿ. ನನ್ನ ಡಬ್ಬಿ ಅದರ ನಟ್ಟನಡುವೆ ಇತ್ತು.

"ಎಷ್ಟೊಂದು ಹಕ್ಕಿ! ನಾವು ಹೋದ ತಕ್ಷಣ ಒಟ್ಟಿಗೆ ಎದ್ದವು" ಅಂತ ಲಾಗ್‌ನಲ್ಲಿ ಯಾರೋ ಖುಷಿಯಿಂದ ಬರೆದಿದ್ದರು. ಓದಿ ಹೊಟ್ಟೆ ಕಲಸಿತು. ಉಬ್ಬರದ ಹೊತ್ತಿಗೆ ಹೋಗಿ, ದೂರದಿಂದ ಬೈನಾಕ್ಯುಲರ್ ಹಿಡಿದು ನೋಡಿದೆ. ಎಲ್ಲವೂ ಗಾಳಿಗೆ ಮುಖ ಮಾಡಿ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ, ಒಂಟಿ ಕಾಲಲ್ಲಿ ನಿಂತಿದ್ದವು. ಫೋನ್ ಹಿಡಿದ ಇಬ್ಬರು ಬಂದರು. ಜಿಪಿಎಸ್ ಬಯಲಲ್ಲೂ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಅಲ್ವಾ? ಅವರು ದಿಮ್ಮಿಯ ಸುತ್ತ ಹುಡುಕುತ್ತಲೇ ಇದ್ದರು. ಹಿಂಡು ಎದ್ದಿತು, ಒಂದು ಸುತ್ತು ಹಾಕಿ ಇಳಿಯಲು ಬಂತು, ಮತ್ತೆ ಎದ್ದಿತು. 2022ರಲ್ಲಿ ಐದು ತಿಂಗಳ ಒಂದು ಗಾಡ್ವಿಟ್ ಅಲಾಸ್ಕಾದಿಂದ ಟಾಸ್ಮೇನಿಯಾದವರೆಗೆ 13,560 ಕಿಲೋಮೀಟರ್ ಎಲ್ಲೂ ಇಳಿಯದೆ 11 ದಿನದಲ್ಲಿ ಹಾರಿತ್ತು. ಅಂಥ ಪ್ರಯಾಣಕ್ಕೆ ಮೈಯಲ್ಲಿ ಕೂಡಿಟ್ಟ ಕೊಬ್ಬೇ ಆಧಾರ. ಸುಮ್ನೆ ಎಬ್ಬಿಸಿದಾಗೆಲ್ಲ ಕರಗುವುದು ಅದೇ ಕೊಬ್ಬು.

ಅವತ್ತೇ ಡಬ್ಬಿ ತೆಗೆದೆ. ಅಷ್ಟರಲ್ಲಿ ದೂರು ಹೋಗಿಯಾಗಿತ್ತು. ಆ ದಂಡೆಯ ಎಲ್ಲ ಕ್ಯಾಶ್‌ಗಳಿಗೂ ಕೊಟ್ಟಿದ್ದ ಅನುಮತಿ ರದ್ದಾಯಿತು. ಬೇರೆಯವರು ವರ್ಷಗಟ್ಟಲೆ ಜೋಪಾನ ಮಾಡಿದ್ದವೂ ಹೋದವು. ಇವತ್ತಿಗೂ ನನಗೆ ಚುಚ್ಚುವುದು ಅದು.

ಹಾಗಾಗಿ ಯಾವ ಡಬ್ಬಿ ಅಂತ ಕೇಳುವ ಮೊದಲು ಮರಳಿನ ಆಸೆ ಬಿಡಿ. ಮೊಟ್ಟೆ ಇಡುವ ಕಾಲದಲ್ಲಂತೂ ಬೇಡವೇ ಬೇಡ. ಪ್ಲೋವರ್ ಗೂಡು ಅಂದರೆ ಮರಳಲ್ಲಿ ಒಂದು ಸಣ್ಣ ಗುಳಿ ಅಷ್ಟೇ, ಮೊಟ್ಟೆಗಳು ಸುತ್ತಲಿನ ಕಲ್ಲಿನದೇ ಬಣ್ಣ. ಹುಡುಕುವವರ ಕಣ್ಣು ಫೋನಿನ ಮೇಲಿರುತ್ತದೆ. "ಇಳಿತದಲ್ಲಿ ಮಾತ್ರ ಬನ್ನಿ" ಅಂತ ಬರೆದರೆ ಸಾಕಲ್ವಾ ಅನ್ನಬೇಡಿ, ವಿವರ ಓದದೆ ನೇರ ನಕ್ಷೆ ನೋಡಿ ಹೊರಡುವವರು ಬೇಕಾದಷ್ಟು ಜನ ಇದ್ದಾರೆ.

ಮಲ್ಟಿ ಕ್ಯಾಶ್ ಮಾಡಿ, ಅಂದರೆ ಒಂದು ಜಾಗದ ಸುಳಿವು ಹಿಡಿದು ಮುಂದಿನ ಜಾಗಕ್ಕೆ ಹೋಗುವಂಥದ್ದು. ಮೊದಲ ಹಂತ ಕೊಲ್ಲಿ ಕಾಣುವ ಕಾಲುದಾರಿಯ ಯಾವುದಾದರೂ ಫಲಕದಲ್ಲಿರಲಿ, ಡಬ್ಬಿ ಒಳನಾಡಿನ ಪೊದೆಯ ಹತ್ತಿರ. ಇಲ್ಲವೇ ಅರ್ಥ್‌ಕ್ಯಾಶ್ ಮಾಡಿ, ಅಂದರೆ ನೆಲ ರೂಪುಗೊಂಡ ಬಗೆಯನ್ನು ನೋಡಿ ಕಲಿಯುವಂಥದ್ದು. ಅದಕ್ಕೆ ಡಬ್ಬಿಯೇ ಬೇಡ. ಅಲೆ ಮರಳನ್ನು ದಂಡೆಯುದ್ದಕ್ಕೂ ತಳ್ಳಿ ಅಂಥ ದಿಬ್ಬ ಹೇಗೆ ಬೆಳೆಸುತ್ತದೆ ಅಂತ ವಿವರಿಸಿ, ದಾರಿಯಲ್ಲೇ ನಿಂತು ನೋಡಿ ಉತ್ತರಿಸುವಂಥ ಪ್ರಶ್ನೆ ಕೇಳಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತಿದ್ದೆ.

ಡಬ್ಬಿ ಇಟ್ಟೇ ಇಡುವುದಾದರೆ ಕ್ಲಿಪ್ಪಿನದ್ದೇ ಸರಿ. ಅಯಸ್ಕಾಂತದ್ದು, ಕಬ್ಬಿಣದ್ದು ಬೇಡ, ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತವೆ. ಮುಚ್ಚಳದ ರಬ್ಬರಿನಲ್ಲಿ ಮರಳು ಸಿಕ್ಕಿಕೊಂಡರೆ ಒಳಗೆ ನೀರು ಇಳಿಯುತ್ತದೆ, ಅದಕ್ಕೆ "ಮುಚ್ಚುವ ಮೊದಲು ಬೆರಳಿಂದ ಒರೆಸಿ" ಅಂತ ಮುಚ್ಚಳದ ಮೇಲೇ ಬರೆದಿಡಿ.