ಕ್ಯಾಮೆರಾಕ್ಕೆ ಅಡುಗೆಮನೆಯ ಬಾಗಿಲು ತೆರೆಯಬೇಡಿ

ತಮಿಳುನಾಡಿನ ಹೊಸೂರಿನ ತಂಗೀ, ಲೋಕಸಭೆಯ ಟಿಕೆಟ್‌ಗೆ ನಿಮ್ಮ ಹೆಸರು ಓಡಾಡುತ್ತಿದೆ, ವಾಹಿನಿಯವರು ಮನೆಗೆ ಬರುವವರಿದ್ದಾರೆ, ಗಂಡ, ಮಕ್ಕಳು, ಅಡುಗೆ ಎಂದು ಕೇಳಿದರೆ ಹೇಗೆ ಉತ್ತರಿಸಿದರೆ ಗೌರವ ಸಿಗುತ್ತದೆ ಎಂದು ಕೇಳಿದ್ದೀರಿ. ಓದಿದ ಕೂಡಲೇ 2019ರ ಮಾರ್ಚ್ ತಿಂಗಳ ನಮ್ಮ ಮನೆ ಕಣ್ಣ ಮುಂದೆ ಬಂದು ನಿಂತಿತು.

ನಾನು ಕಾಸರಗೋಡಿನ ಉತ್ತರದ ಗಡಿಯವಳು. ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಎಂದಾದ ಮೇಲೆ 2010ರಲ್ಲಿ ಮೊದಲ ಚುನಾವಣೆ ನಡೆಯಿತಲ್ಲ, ಆಗ ಪಂಚಾಯತಿಗೆ ಆರಿಸಿ ಬಂದೆ. 2015ರಲ್ಲಿ ಸಾಮಾನ್ಯ ವಾರ್ಡಿನಿಂದ ನಿಂತು ಇಬ್ಬರು ಗಂಡಸರನ್ನು ಸೋಲಿಸಿದೆ. ಕ್ಷೇಮಕಾರ್ಯ ಸ್ಥಾಯೀ ಸಮಿತಿಯ ಹೊಣೆ ನನ್ನದಾಯಿತು. ಎಂಡೋಸಲ್ಫಾನ್ ಬಾಧಿತರ ಮನೆಗಳು ನಮ್ಮಲ್ಲಿ ಬಹಳ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ ವಿಷ ಅದು. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. ಎರಡು ವರ್ಷವಾದರೂ ಎಷ್ಟೋ ತಾಯಂದಿರ ಕೈಗೆ ಏನೂ ಬಂದಿರಲಿಲ್ಲ; 2019ರ ಜನವರಿ ಕೊನೆಯಲ್ಲಿ ಅವರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ಕುಳಿತರು. ಯಾರಿಗೆ ಪಟ್ಟಿಯಲ್ಲಿ ಹೆಸರಿಲ್ಲ, ಯಾರಿಗೆ ಹಣ ಬಂದಿಲ್ಲ, ಯಾರು ಚಿಕಿತ್ಸೆಗೆ ವಾರವಾರ ಮಂಗಳೂರಿಗೆ ಓಡುತ್ತಾರೆ, ಇದೆಲ್ಲ ನನ್ನ ಒಂದು ಉದ್ದ ನೋಟ್‌ಪುಸ್ತಕದಲ್ಲಿತ್ತು. ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾದ ವೈದ್ಯಕೀಯ ಕಾಲೇಜಿನ ಕಥೆಯೂ ಅದರಲ್ಲೇ ಇತ್ತು. ಪಕ್ಷದ ಒಂದು ಬಣ ಲೋಕಸಭೆಗೆ ನನ್ನ ಹೆಸರು ಹೇಳಿದ್ದು ಆ ಪುಸ್ತಕದ ಬಲದಿಂದಲೇ.

ಮಲಯಾಳಂ ವಾಹಿನಿಯವರು ಬೆಳಿಗ್ಗೆ ಎಂಟಕ್ಕೆ ಬಂದರು. ವರದಿಗಾರ ಒಳ್ಳೆಯ ಹುಡುಗ. 'ಚೇಚಿ, ಮೊದಲು ಮನೆಯ ನಾಲ್ಕು ದೃಶ್ಯ ತೆಗೆಯೋಣ, ಆಮೇಲೆ ನಿಧಾನವಾಗಿ ಮಾತು' ಎಂದ. ನಾನು ಒಪ್ಪಿದೆ. ನನ್ನ ತಪ್ಪು ಇದು, ಇದೊಂದೇ.

ಇದು ತಪ್ಪೇನು ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿರಲಿಲ್ಲ. ಮನೆಗೆ ಬಂದವರಿಗೆ ಬೇಕಾದ್ದನ್ನು ಮೊದಲು ಕೊಟ್ಟರೆ ನಮ್ಮ ಮಾತನ್ನು ಆಮೇಲೆ ಸಮಾಧಾನದಿಂದ ಕೇಳುತ್ತಾರೆ ಎಂದುಕೊಂಡೆ. ಹೆಣ್ಣುಮಕ್ಕಳಿಗೆ ಕಲಿಸಿದ್ದೇ ಅದು: ಮೊದಲು ಬಡಿಸು, ಆಮೇಲೆ ಕುಳಿತುಕೋ. ಕಾವಲಿಯ ಮೇಲೆ ನೀರುದೋಸೆ ಹೊಯ್ದೆ. ಹಿಟ್ಟು ಬಿದ್ದ 'ಚುಂಯ್' ಸದ್ದು ಸರಿಯಾಗಿ ದಾಖಲಾಗಲಿಲ್ಲ ಎಂದು ಕ್ಯಾಮೆರಾದವನು ಇನ್ನೊಂದು ಹೊಯ್ಯಿಸಿದ. ಬೆಳಕು ಸಾಲದೆಂದು ಮೂರನೆಯದು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಎಂದ, ಸಿಕ್ಕಿಸಿಕೊಂಡೆ. ಅಂಗಳಕ್ಕೆ ಹೋಗಿ ತುಳಸಿಗೆ ನೀರೆರೆದೆ. ಸೊಸೆ ದೆಹಲಿಗೆ ಹೋದರೆ ಅಡುಗೆ ಯಾರು ಮಾಡುತ್ತಾರೆ ಎಂದು ಅತ್ತೆಯನ್ನು ಕೇಳಿದರು. ಅವರಿಗೆ ಮಲಯಾಳಂ ಅಷ್ಟು ಬಾರದು, ತುಳುವಿನಲ್ಲಿ ಏನೋ ಹೇಳಿ ನಕ್ಕರು. ಆ ನಗುವನ್ನೂ ತೆಗೆದುಕೊಂಡರು. ನೋಟ್‌ಪುಸ್ತಕ ಅಕ್ಕಿ ಡಬ್ಬದ ಮೇಲೆ ಇತ್ತು. ಕೈ ಒರೆಸಿಕೊಂಡು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಹುಡುಗನ ಮೊಬೈಲ್ ಬಡಿದುಕೊಂಡಿತು. ಕಾಞಂಗಾಡಿನಲ್ಲಿ ಯಾರೋ ನಾಯಕರ ಪತ್ರಿಕಾಗೋಷ್ಠಿ. 'ಬಾಕಿ ಮಾತು ನಾಳೆ ಫೋನಿನಲ್ಲಿ' ಎಂದು ಹೊರಟುಹೋದರು.

ಪ್ರಸಾರವಾದದ್ದು ನಾಲ್ಕು ನಿಮಿಷ. ದೋಸೆ, ತುಳಸಿ, ಅತ್ತೆಯ ನಗು, ನನ್ನ ಕನ್ನಡದ ಧಾಟಿಯ ಮಲಯಾಳಂ. ಎಂಡೋಸಲ್ಫಾನ್ ಎಂಬ ಶಬ್ದವೇ ಇರಲಿಲ್ಲ. ಅವರು ಏನನ್ನೂ ತಿರುಚಿರಲಿಲ್ಲ, ಅದಕ್ಕೇ ದೂರು ಕೊಡಲೂ ದಾರಿ ಇರಲಿಲ್ಲ. ನಾನೇ ಕೊಟ್ಟದ್ದು, ನಾನು ಕೊಟ್ಟ ಕ್ರಮದಲ್ಲೇ. ಮಾತು ಮೊದಲು ಮುಗಿದಿದ್ದರೆ, ಅವರು ಅರ್ಧದಲ್ಲಿ ಎದ್ದು ಹೋಗಿದ್ದರೂ ಅವರ ಬಳಿ ಇರುತ್ತಿದ್ದದ್ದು ಆ ತಾಯಂದಿರ ಪಟ್ಟಿ. ದೋಸೆ ಉಳಿದುಹೋಗುತ್ತಿತ್ತು, ಅಷ್ಟೇ. ಈ ಸರಳ ಲೆಕ್ಕ ಆ ದಿನ ನನಗೆ ಹೊಳೆಯಲಿಲ್ಲವಲ್ಲ ಎಂದು ಇಂದಿಗೂ ಹೊಟ್ಟೆ ಉರಿಯುತ್ತದೆ.

ಎರಡು ದಿನದ ನಂತರ ಪಕ್ಷದ ಸಭೆ. ಹಿರಿಯರೊಬ್ಬರು ಅದೇ ವಿಡಿಯೊವನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸಿದರು. 'ಮನೆ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಪಂಚಾಯತಿಗೆ ಒಳ್ಳೆಯ ಮುಖ. ಸಂಸತ್ತಿಗೆ ತೂಕ ಬೇಕು' ಎಂದರು. ಮನೆಯವರ ಒಪ್ಪಿಗೆ ಇದೆಯೇ ಎಂದು ನನ್ನನ್ನು ಕೇಳಿದರು. ಪಟ್ಟಿಯಲ್ಲಿದ್ದ ಗಂಡಸರನ್ನು ಆ ಮಾತು ಯಾರೂ ಕೇಳಲಿಲ್ಲ. ಟಿಕೆಟ್ ಗಂಡಸಿಗೆ ಹೋಯಿತು. ಆ ವರ್ಷ ಕಾಸರಗೋಡಿನಲ್ಲಿ ಮೂರು ರಂಗಗಳ ಅಭ್ಯರ್ಥಿಗಳೂ ಗಂಡಸರೇ. ಅಭ್ಯರ್ಥಿಯನ್ನು ಸ್ವಾಗತಿಸಲು ಜರಿಯಂಚಿನ ಬಿಳಿ ಸೀರೆಯುಟ್ಟು ಮುತ್ತುಕೊಡೆ ಹಿಡಿದು ಬಿಸಿಲಿನಲ್ಲಿ ನಿಂತ ಹೆಂಗಸರ ಸಾಲಿನಲ್ಲಿ ನಾನೂ ಇದ್ದೆ. ಪಕ್ಷ ಹೇಳಿತು, ನಿಂತೆ. ಇಂದು ಯಾರಾದರೂ ಹೇಳಿದರೆ ನಿಲ್ಲುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಡುಗೆಯ ಪ್ರಶ್ನೆಗೆ ಗೌರವ ತರುವ ಉತ್ತರ ಎಂಬುದಿಲ್ಲ. ನಗುತ್ತಾ ಹೇಳಿದರೆ ಗೃಹಿಣಿ, ಸಿಟ್ಟಿನಿಂದ ಹೇಳಿದರೆ ಜಗಳಗಂಟಿ. ಅದೇ ಚುನಾವಣೆಯಲ್ಲಿ ಆಲತ್ತೂರಿನಲ್ಲಿ ನಿಂತ ರಮ್ಯಾ ಹರಿದಾಸ್ ಅವರು ಕುನ್ನಮಂಗಲಂ ಬ್ಲಾಕ್ ಪಂಚಾಯತಿನ ಅಧ್ಯಕ್ಷೆಯಾಗಿದ್ದವರು. ಸುದ್ದಿಯಾದದ್ದು ಅವರ ಹಾಡು. ಎದುರು ರಂಗದ ನಾಯಕರೊಬ್ಬರು ವೇದಿಕೆಯಿಂದ ಆಡಿದ ಕೀಳು ಮಾತಿಗೆ ಅವರು ಪೊಲೀಸರಿಗೆ ದೂರು ಕೊಡಬೇಕಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು, ಆ ಸಲ ಕೇರಳದ 20 ಸಂಸದರಲ್ಲಿ ಅವರೊಬ್ಬರೇ ಹೆಣ್ಣು. 2024ರ ಸಾರ್ವತ್ರಿಕ ಚುನಾವಣೆಯಲ್ಲಿ ಆ ಒಂದೂ ಇಲ್ಲವಾಯಿತು. ಮತದಾರರ ಪಟ್ಟಿಯಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಿರುವ ರಾಜ್ಯ ಇದು! ನಿಮ್ಮ ಕೃಷ್ಣಗಿರಿ ಕ್ಷೇತ್ರದಲ್ಲೇ ನೋಡಿದ್ದೀರಿ. 2024ರಲ್ಲಿ ನಿಂತ ವಿದ್ಯಾರಾಣಿ ವಕೀಲೆ, ಒಂದು ಲಕ್ಷಕ್ಕೂ ಹೆಚ್ಚು ಮತ ಪಡೆದರು. ಗಡಿಯ ಈಚೆಗೆ ಬಂದ ಸುದ್ದಿಯಲ್ಲಿ ಅವರು ಬರೀ 'ವೀರಪ್ಪನ್ ಮಗಳು'.

ನೀವು ಮೊದಲು ಹಿಡಿಯಬೇಕಾದದ್ದು ಪಕ್ಷವನ್ನು. ಗೆಲ್ಲುವ ಕ್ಷೇತ್ರವೇ, ಅಥವಾ ಹೆಣ್ಣಿಗೂ ಟಿಕೆಟ್ ಕೊಟ್ಟೆವು ಎಂದು ಹೇಳಿಕೊಳ್ಳಲು ಬಲಿ ಕೊಡುವ ಕ್ಷೇತ್ರವೇ? ಕೊಡುವ ಮನಸ್ಸಿದ್ದರೆ ಕೊಡಬಹುದು: 2019ರಲ್ಲಿ ಒಡಿಶಾದಲ್ಲಿ ಬಿಜೆಡಿ 21ರಲ್ಲಿ 7, ಬಂಗಾಳದಲ್ಲಿ ತೃಣಮೂಲ 42ರಲ್ಲಿ 17 ಟಿಕೆಟ್ ಹೆಂಗಸರಿಗೆ ಕೊಟ್ಟಿದ್ದವು. ಲೋಕಸಭೆಗೆ ಅಭ್ಯರ್ಥಿ 95 ಲಕ್ಷದವರೆಗೆ ಖರ್ಚು ಮಾಡಬಹುದು, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ನಿಮಗಾಗಿ ಪಕ್ಷ ಎಷ್ಟು ಹಾಕುತ್ತದೆ, ಬೂತ್ ಸಮಿತಿಗಳು ಯಾರ ಕೈಯಲ್ಲಿವೆ, ದೊಡ್ಡ ನಾಯಕರು ಎಷ್ಟು ದಿನ ಬರುತ್ತಾರೆ ಎಂದು ಕೇಳಿ. ನೀವೇ ಅಭ್ಯರ್ಥಿ ಎಂದು ಪಕ್ಷ ಬರೆದುಕೊಡುವ ಬಿ ಫಾರಂ ಚುನಾವಣಾಧಿಕಾರಿಯ ಮೇಜಿಗೆ ಬೀಳುವವರೆಗೆ ನೀವು ಅಭ್ಯರ್ಥಿಯಲ್ಲ. ಅಲ್ಲಿಯವರೆಗೆ ನಿಮ್ಮ ಮನೆ ಯಾರಿಗೂ ಸುದ್ದಿಯಾಗಬೇಕಾಗಿಲ್ಲ.

ವಾಹಿನಿಯವರನ್ನು ಮನೆಗೆ ಕರೆಯಲೇಬೇಡಿ. ಕೆಲಸ ನಡೆಯುವ ಜಾಗಕ್ಕೆ ಕರೆಯಿರಿ. ನಿಮ್ಮಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಮೇಷ್ಟ್ರಿಲ್ಲ ಎಂದಿದ್ದೀರಲ್ಲ, ಆ ಶಾಲೆಯ ಜಗಲಿಯಲ್ಲಿ ನಿಂತು ಮಾತಾಡಿ. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರೆ, 'ಈ ಪ್ರಶ್ನೆಯನ್ನು ಎದುರು ಪಕ್ಷದ ಅಭ್ಯರ್ಥಿಗೆ ಕೇಳಿದ ದಿನ ನಾನೂ ಉತ್ತರಿಸುತ್ತೇನೆ' ಎಂದು ಹೇಳಿ ವಿಷಯಕ್ಕೆ ಬನ್ನಿ. ಗಂಟು ಮುಖ ಎಂದರೆ ಎನ್ನಲಿ. ವೇದಿಕೆಯಿಂದ ಯಾರಾದರೂ ಕೊಳಕು ಮಾತಾಡಿದರೆ ಅಳುತ್ತಾ ಕೂರಬೇಡಿ. ವಿಡಿಯೊ ಇಟ್ಟುಕೊಂಡು ಅದೇ ದಿನ ಚುನಾವಣಾ ಆಯೋಗಕ್ಕೆ ಲಿಖಿತ ದೂರು ಕೊಡಿ. ಎದುರಾಳಿ ಅಭ್ಯರ್ಥಿ ಜಯಪ್ರದಾ ಅವರ ಬಗ್ಗೆ ಆಡಿದ ಮಾತಿಗೆ 2019ರಲ್ಲಿ ಆಜಂ ಖಾನ್ ಅವರನ್ನು ಆಯೋಗ 72 ಗಂಟೆ ಪ್ರಚಾರದಿಂದ ದೂರ ಇಟ್ಟಿತ್ತು. ಸಾಲದು ನಿಜ, ಆದರೂ ಕಾಗದದಲ್ಲಿ ದಾಖಲಾಗುತ್ತದೆ.

2023ರ ಸಂವಿಧಾನ ತಿದ್ದುಪಡಿ ಹೆಂಗಸರಿಗೆ ಕೊಟ್ಟ ಮೂರನೇ ಒಂದು ಭಾಗದ ಮೀಸಲಾತಿಗೆ ಕಾಯಿರಿ ಎಂದು ಕೆಲವರು ನಿಮಗೆ ಹೇಳಿದ್ದಾರಂತೆ. ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಯ ಬಾಲಕ್ಕೆ ಕಟ್ಟಿದ ಕಾನೂನು ಅದು. ಅದಕ್ಕಾಗಿ ಕಾಯಬೇಡಿ. ಈಗಿನ ಲೋಕಸಭೆಗೆ 2024ರಲ್ಲಿ 543 ಜನರಲ್ಲಿ ಆರಿಸಿ ಬಂದ ಹೆಂಗಸರು 74, ಹಿಂದಿನ ಸಲಕ್ಕಿಂತ ನಾಲ್ಕು ಕಡಿಮೆ.

ಕ್ಯಾಮೆರಾ ತೆರೆದ ಕೂಡಲೇ ನೀವು ಆಡುವ ಮೊದಲ ಎರಡು ವಾಕ್ಯಗಳನ್ನು ಇಂದು ರಾತ್ರಿಯೇ ಬರೆಯಿರಿ. ಅದರಲ್ಲಿ ಒಂದು ಊರಿನ ಹೆಸರು ಮತ್ತು ಒಂದು ಅಂಕಿ ಇರಲಿ. ಬರೆದು ಇಲ್ಲೇ ಕೆಳಗೆ ಹಾಕಿ, ಓದಿ ಹೇಳುತ್ತೇನೆ.