ಒಂದೇ ಜಿಲ್ಲೆ, ನಡುವೆ ಕುಂಜುಮ್ ಲಾ

ಪ್ರಶ್ನೆ: ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಒಂದೇ ಜಿಲ್ಲೆ. ಆದರೂ ಚಳಿಗಾಲದಲ್ಲಿ ಜಿಲ್ಲಾ ಕೇಂದ್ರ ಕೀಲಾಂಗ್‌ನಿಂದ ಸ್ಪಿತಿಯ ಕಾಝಾಕ್ಕೆ ನೇರವಾಗಿ ಹೋಗಲು ಆಗುವುದಿಲ್ಲವಂತೆ. ಅಟಲ್ ಸುರಂಗ ಬಂದ ಮೇಲೂ ಹೀಗೇಕೆ?

ಉತ್ತರ: 2020ರ ಅಕ್ಟೋಬರ್‌ನಲ್ಲಿ ತೆರೆದ ಅಟಲ್ ಸುರಂಗ ಇರುವುದು ರೋಹ್ತಾಂಗ್ ಬೆಟ್ಟದ ಕೆಳಗೆ. ಅದು ಮನಾಲಿಯನ್ನು ಲಾಹೌಲ್‌ಗೆ ಜೋಡಿಸಿತು, ಅಷ್ಟೇ. ಲಾಹೌಲ್ ಮತ್ತು ಸ್ಪಿತಿಯ ನಡುವೆ ಇನ್ನೊಂದು ಗೋಡೆ ಇದೆ: ಕುಂಜುಮ್ ಲಾ. 'ಲಾ' ಅಂದರೆ ಟಿಬೆಟಿಯನ್ ಭಾಷೆಯಲ್ಲಿ ಬೆಟ್ಟ ದಾಟುವ ದಾರಿ. ಎತ್ತರ ಸುಮಾರು 4,550 ಮೀಟರ್. ಹಿಮ ಬಿತ್ತೆಂದರೆ ಈ ದಾರಿ ತಿಂಗಳುಗಟ್ಟಲೆ ಮುಚ್ಚಿರುತ್ತದೆ. ಆಗ ಕಾಝಾದವರು ಕೀಲಾಂಗ್‌ಗೆ ಬರಬೇಕಾದರೆ ಕಿನ್ನೌರ್‌ಗೆ ಇಳಿದು, ಸಟ್ಲೆಜ್ ಪಕ್ಕದಲ್ಲೇ ಸಾಗಿ, ಕುಲ್ಲು, ಮನಾಲಿ ಹಾದು, ಸುರಂಗದ ಮೂಲಕ ಬರಬೇಕು. ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಬೇರೆ ಜಿಲ್ಲೆಗಳನ್ನು ಸುತ್ತಿ ಬರುವುದು ಸಣ್ಣ ಕಷ್ಟ ಅಲ್ಲ.

ನಕ್ಷೆಯಲ್ಲಿ ರಸ್ತೆ ಬಿಟ್ಟು ನದಿಗಳನ್ನು ನೋಡಿ, ಎಲ್ಲ ತಿಳಿಯಾಗುತ್ತದೆ. ಲಾಹೌಲ್‌ನ ನದಿಗಳಾದ ಚಂದ್ರಾ, ಭಾಗಾ ಎರಡೂ ಹುಟ್ಟುವುದು ಬಾರಾಲಾಚಾ ಲಾ ಹತ್ತಿರ. ಹುಟ್ಟಿದ ಕೂಡಲೇ ಬೆನ್ನು ತಿರುಗಿಸಿ ಬೇರೆ ಬೇರೆ ದಿಕ್ಕಿಗೆ ಹೊರಡುತ್ತವೆ. ಚಂದ್ರಾ ದೊಡ್ಡ ಸುತ್ತು ಹಾಕಿ ಬಂದು ಕೀಲಾಂಗ್ ಸಮೀಪದ ತಾಂದಿಯಲ್ಲಿ ಭಾಗಾವನ್ನು ಸೇರುತ್ತದೆ. ಮುಂದೆ ಅದೇ ಚಿನಾಬ್. ಕುಂಜುಮ್‌ನ ಆಚೆ ಬಿದ್ದ ನೀರು ಮಾತ್ರ ಸ್ಪಿತಿ ನದಿಯಾಗಿ ಕಿನ್ನೌರ್‌ನ ಖಾಬ್ ಬಳಿ ಸಟ್ಲೆಜ್ ಸೇರುತ್ತದೆ. ಬೆಟ್ಟದ ನಾಡಿನಲ್ಲಿ ಜನ ನದಿಯ ಜಾಡು ಹಿಡಿದೇ ಓಡಾಡುತ್ತಾರೆ, ಅಲ್ವಾ? ಹಾಗಾಗಿ ಸ್ಪಿತಿಯ ಸಹಜ ಬಾಗಿಲು ಕಿನ್ನೌರ್ ಕಡೆಗೇ ಇದೆ.

ಎರಡೂ ಕಡೆಯ ನೆಲವೂ ಬೇರೆ. ಮುಂಗಾರನ್ನು ಪೀರ್ ಪಂಜಾಲ್ ಸಾಲು ತಡೆಯುವುದರಿಂದ ಎರಡಕ್ಕೂ ಮಳೆ ಕಡಿಮೆ. ಆದರೆ ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಹಿಮ ಲಾಹೌಲ್‌ಗೆ ಜಾಸ್ತಿ ಸಿಗುತ್ತದೆ. ಇನ್ನೂ ಒಳಗಿರುವ ಸ್ಪಿತಿ ತಣ್ಣನೆಯ ಮರುಭೂಮಿ. ಅಲ್ಲಿ ಬಾರ್ಲಿ, ಬಟಾಣಿ ಬೆಳೆಯುವುದು ಹಿಮ ಕರಗಿದ ನೀರನ್ನು ಸಣ್ಣ ಕಾಲುವೆಗಳಲ್ಲಿ ಹೊಲಕ್ಕೆ ತಂದಾಗಲೇ.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಕುಂಜುಮ್‌ನಲ್ಲಿ ಬೇರೆಯಾದ ಈ ನೀರು ಪಾಕಿಸ್ತಾನದಲ್ಲಿ ಮತ್ತೆ ಒಂದಾಗುತ್ತದೆ. ಅಲ್ಲಿ ಚಿನಾಬ್, ಸಟ್ಲೆಜ್ ಕೂಡಿ ಪಂಜನದ್ ಆಗಿ ಸಿಂಧೂ ನದಿಯ ಕಡೆಗೆ ಹರಿಯುತ್ತವೆ.